ಬಯಲು ವಸ್ತುಸಂಗ್ರಹಾಲಯದ ಮಳಿಗೆಯಲ್ಲಿ ಬಿದರಿ ಕೊಳ್ಳುವವರಿಗೆ ಒಂದು ಎಚ್ಚರಿಕೆ

ಬೀದರ್ ಜಿಲ್ಲೆಯ ಹೆದ್ದಾರಿಯೊಂದರ ಬದಿಯಲ್ಲಿ ಹಳೆಯ ಹಳ್ಳಿ ಬದುಕನ್ನೂ ಕೈಕಸುಬುಗಳನ್ನೂ ತೋರಿಸುವ ಖಾಸಗಿ ಬಯಲು ವಸ್ತುಸಂಗ್ರಹಾಲಯವೊಂದಿದೆ. ರಜೆ ಬಂತೆಂದರೆ ಕಲಬುರಗಿಯ ಅನೇಕ ಕುಟುಂಬಗಳು ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತವೆ, ನಾವೂ ಹೋಗಿದ್ದೆವು. ಅಲ್ಲಿನ ಮಳಿಗೆಯಲ್ಲಿ ಬಿದರಿ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬೀದರಿನ ಕಲೆ, ಎಂದು ಹೇಳಿ ನಮಗೆ ಮಾರಿದ ಹೂದಾನಿ ಬಿದರಿಯಲ್ಲ.

ಪ್ರದರ್ಶನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೂರಿಗೆ, ಕುಂಟೆ, ಬೀಸುಕಲ್ಲು, ಬಂಡಿಗಳ ಸಂಗ್ರಹ ಚೆನ್ನಾಗಿದೆ. ‘ನಮ್ಮ ಭಾಗದ ಮನೆ’ ಎಂಬ ಫಲಕ ಹೊತ್ತ ಮನೆಗೆ ಮಾತ್ರ ಮಂಗಳೂರು ಹೆಂಚು ಹೊದಿಸಿದ್ದಾರೆ. ಶಹಾಬಾದ್ ಕಲ್ಲಿನ ಮನೆಗಳನ್ನೂ ಮಣ್ಣಿನ ಮಾಳಿಗೆಗಳನ್ನೂ ಕಂಡು ಬೆಳೆದವರಿಗೆ ಇದು ನೋವು ತರುತ್ತದೆ. ಆದರೂ ಅದು ತಿದ್ದಬಹುದಾದ ತಪ್ಪು. ಮಳಿಗೆಯಲ್ಲಿ ನಡೆಯುವುದು ತಪ್ಪಲ್ಲ, ಮೋಸ.

ಮಳಿಗೆಯ ಬಾಗಿಲ ಪಕ್ಕದಲ್ಲೇ ಒಬ್ಬ ನಿಜವಾದ ಬಿದರಿ ಕುಶಲಕರ್ಮಿಯನ್ನು ಕೂರಿಸಿದ್ದಾರೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪುಟ್ಟ ತಟ್ಟೆಗೆ ಮೈಲುತುತ್ತದ ನೀರು ಸವರಿ, ಕಪ್ಪಾದ ಮೈಮೇಲೆ ಬಳ್ಳಿಯ ಗೆರೆ ಗೀಚಿ, ಉಳಿಯಿಂದ ಆ ಗೆರೆಯನ್ನು ತೋಡಿ, ಕೂದಲೆಳೆಯಂಥ ಬೆಳ್ಳಿ ತಂತಿಯನ್ನು ಅದರೊಳಗೆ ಕೂರಿಸಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯುವುದನ್ನು ಅವರು ತೋರಿಸಿದರು. ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ, ಬಿಸಿ ಮಾಡಿದ ಪಾತ್ರೆಗೆ ಸವರಿದಾಗ ಲೋಹವಷ್ಟೇ ಕಪ್ಪಾಗಿ ಬೆಳ್ಳಿ ಬೆಳ್ಳಗೇ ಉಳಿಯುವ ಬಗೆಯನ್ನೂ ವಿವರಿಸಿದರು. ಇಷ್ಟನ್ನು ಕಣ್ಣಾರೆ ಕಂಡವರಿಗೆ ನಾಲ್ಕು ಹೆಜ್ಜೆಯಾಚೆ ಕಪಾಟಿನಲ್ಲಿರುವುದೂ ಇದೇ ಕೈಗಳ ಕೆಲಸ ಎನ್ನಿಸುವುದು ಸಹಜ. ಆ ನಂಬಿಕೆಯ ಮೇಲೆಯೇ ಅಲ್ಲಿನ ವ್ಯಾಪಾರ ನಿಂತಿದೆ. ಹೊರಡುವಾಗ ನಾನು ಹೂದಾನಿಯನ್ನು ಅವರಿಗೆ ತೋರಿಸಿದೆ. ಅವರು ಮಳಿಗೆಯ ಕಡೆಗೊಮ್ಮೆ ನೋಡಿ, ತಗ್ಗಿದ ದನಿಯಲ್ಲಿ, “ಇವು ನಮ್ವು ಅಲ್ರಿ, ಹೊರಗಿಂದ ಬರ್ತಾವ” ಎಂದರು. ಕೂಡಲೇ ಮರಳಿ ಕೇಳಿದರೆ, ಅಲ್ಲಿದ್ದವರು ಒಪ್ಪಲೂ ಇಲ್ಲ, ಹಣ ಹಿಂದಿರುಗಿಸಲೂ ಇಲ್ಲ.

ಮನೆಗೆ ಬಂದು ಒದ್ದೆ ಬಟ್ಟೆಯಿಂದ ಒರೆಸಿದಾಗ ಬಟ್ಟೆಯೇ ಕಪ್ಪಾಯಿತು. ಹೂವಿನ ಎಸಳಿನ ಅಂಚಿಗೆ ಉಗುರು ತಾಗಿದ್ದೇ ತಡ ಅದು ಹಾಳೆಯಂತೆ ಎದ್ದು ಬಂತು. ಅಡಿಯಲ್ಲಿ ತೋಡಿದ ಗೆರೆಯ ಗುರುತೇ ಇರಲಿಲ್ಲ, ಒಣಗಿದ ಅಂಟಿತ್ತು. ತಳಕ್ಕೆ ಅಯಸ್ಕಾಂತ ಹಿಡಿದರೆ ಗಟ್ಟಿಯಾಗಿ ಕಚ್ಚಿಕೊಂಡಿತು. ಸತುವು, ತಾಮ್ರ, ಬೆಳ್ಳಿ ಮೂರೂ ಅಯಸ್ಕಾಂತಕ್ಕೆ ಅಂಟುವ ಲೋಹಗಳಲ್ಲ. ಆದ್ದರಿಂದ ಕೊಳ್ಳುವ ಮುನ್ನ ಒಂದು ಚಿಕ್ಕ ಅಯಸ್ಕಾಂತ ಜೇಬಿನಲ್ಲಿರಲಿ. ಆದರೆ ಅಲ್ಯೂಮಿನಿಯಂ ಮೇಲೆ ಬಣ್ಣ ಬಳಿದದ್ದು ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಅದನ್ನು ತೂಕದಿಂದ ಗುರುತಿಸಬೇಕು, ಅಸಲಿ ಬಿದರಿ ಗಾತ್ರಕ್ಕೆ ಮೀರಿ ಭಾರವಿರುತ್ತದೆ. ಬೆಳ್ಳಿ ಕಾಲಕ್ರಮೇಣ ಮಂಕಾಗುವುದು, ಕಪ್ಪು ಮಾಸಿ ಎಣ್ಣೆ ಸವರಿದಾಗ ಮತ್ತೆ ಹೊಳೆಯುವುದು, ಕೈಜಾರಿ ಬಿದ್ದರೆ ಒಡೆಯುವುದು ಇವೆಲ್ಲ ಅಸಲಿಯ ಗುಣಗಳೇ. ಇವನ್ನು ಕಂಡು ಮನೆಯಲ್ಲಿರುವ ಹಳೆಯ ಬಿದರಿಯನ್ನು ಯಾರೂ ನಕಲಿ ಎಂದು ತಿಳಿಯಬಾರದು.

ಬಿಲ್ಲಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಬಾಯಲ್ಲಿ ಬಿದರಿ ಎಂದವರು ನಮಗೆ ಕೊಟ್ಟ ಚೀಟಿಯಲ್ಲಿ ‘ಗಿಫ್ಟ್ ಐಟಂ’ ಎಂದಷ್ಟೇ ಬರೆದಿದ್ದರು. ಕೆಳಗೆ, ಮಾರಿದ ವಸ್ತುವನ್ನು ಹಿಂಪಡೆಯುವುದಿಲ್ಲ ಎಂಬ ಅಚ್ಚಿನ ಸಾಲು. ‘ಬಿದರಿ, ಬೆಳ್ಳಿ ಕೆತ್ತನೆ’ ಎಂದು ಬಿಲ್ಲಿನಲ್ಲಿ ಬರೆದುಕೊಡಲು ಒಪ್ಪದವರಲ್ಲಿ ದಯವಿಟ್ಟು ಕೊಳ್ಳಬೇಡಿ. ಬೀದರಿನ ಹಳೆಯ ಊರಿನಲ್ಲಿ, ಚೌಬಾರ ಗೋಪುರದ ಸುತ್ತಲ ಓಣಿಗಳಲ್ಲಿ, ಕೆಲಸ ಮಾಡುವವರ ಮುಂದೆಯೇ ಕುಳಿತು ಆರಿಸಿಕೊಳ್ಳುವ ಅವಕಾಶವಿರುವಾಗ ಇಂಥ ಮಳಿಗೆಯ ಹಂಗು ನಮಗೇಕೆ? ನನ್ನನ್ನು ಹೆಚ್ಚು ಕಾಡುತ್ತಿರುವುದು ಹೋದ ಹಣವಲ್ಲ. 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ, 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ತಂದುಕೊಟ್ಟ ಈ ಕಲೆಯ ಕುಶಲಕರ್ಮಿಯೊಬ್ಬರನ್ನು ಬಾಗಿಲಲ್ಲಿ ಕೂರಿಸಿ, ಅವರ ಕಣ್ಣೆದುರೇ ನಕಲಿ ಮಾರುತ್ತಿರುವುದು.

ಮೋಸ ಹೋದವರು ‘ಹಿಂಪಡೆಯುವುದಿಲ್ಲ’ ಎಂಬ ಸಾಲಿಗೆ ಅಂಜಿ ಸುಮ್ಮನಾಗಬೇಕಿಲ್ಲ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಅನುಚಿತ ವ್ಯಾಪಾರ ಪದ್ಧತಿ ಎಂದೇ ಪರಿಗಣಿಸುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ. ನಾವು ದೂರು ಕೊಟ್ಟಿದ್ದೇವೆ. ಅಲ್ಲಿ ಕೊಂಡವರು ಯಾರಾದರೂ ಇದ್ದರೆ ವಸ್ತುವನ್ನೂ ಚೀಟಿಯನ್ನೂ ಎಸೆಯದೆ ಇಟ್ಟುಕೊಂಡು, ಎದ್ದುಬಂದ ಹಾಳೆಯ, ಬಣ್ಣ ಬಿಟ್ಟ ತಳದ ಫೋಟೋ ಈಗಲೇ ತೆಗೆದಿರಿಸಿಕೊಳ್ಳಿ.