ಕೈಯಿಂದ ಒತ್ತುವ ಬ್ರೆಸ್ಟ್ ಪಂಪ್: ಕೊರೊನಾ ಕಾಲದಿಂದ ಎರಡನೇ ಬಾಣಂತನದವರೆಗೆ

ಐದರಲ್ಲಿ ನಾಲ್ಕು ಸ್ಟಾರ್. ಒಂದು ಕಟ್ ಮಾಡಿದ್ದು ಅದರ ವಾಲ್ವ್‌ಗೆ.

ಹಿಡಿಕೆ ಒತ್ತಿ ಹಾಲು ತೆಗೆಯುವ ಸಾದಾ ಪಂಪ್ ಇದು. 2021ರ ಲಾಕ್‌ಡೌನ್‌ನಲ್ಲಿ ಕಾರವಾರದಲ್ಲಿ ತಗೊಂಡಿದ್ದು. ನನಗೆ ಕರೆಂಟಿನದೇ ಬೇಕಿತ್ತು. ಆದರೆ ದಿನಸಿ ಅಂಗಡಿಗೇ ಬೆಳಿಗ್ಗೆ 6ರಿಂದ 10ರ ತನಕ ಸಮಯ, ಮಕ್ಕಳ ಸಾಮಾನಿನ ಅಂಗಡಿಗಳಿಗೆ ಪೂರ್ತಿ ಬೀಗ. ಮೆಡಿಕಲ್ ಶಾಪಿನಲ್ಲಿ ಇದೊಂದು ಸಿಕ್ಕಿತು.

ಮಗುವಿಗೆ ಆಗಿನ್ನೂ ತಿಂಗಳು ತುಂಬಿರಲಿಲ್ಲ, ನನಗೆ ಪಾಸಿಟಿವ್ ಬಂತು. ಸದಾಶಿವಗಡದ ತವರುಮನೆಯ ಹಿಂದಿನ ಕೋಣೆಯಲ್ಲಿ ಐಸೋಲೇಶನ್. ಫೋನ್ ಮಾಡಿದವರೆಲ್ಲ ಡಾಕ್ಟರೇ. ಹಾಲಿನಲ್ಲೇ ವೈರಸ್ ಹೋಗುತ್ತೆ, ನಿಲ್ಲಿಸಿಬಿಡು ಅಂದರು. ತಾಯಿಗೆ ಕೋವಿಡ್ ಇದ್ದರೂ ಎದೆಹಾಲು ಕೊಡಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿತ್ತು. ಮಾಸ್ಕ್ ಹಾಕಬೇಕು, ಕೈ ತೊಳೆಯಬೇಕು, ಮುಟ್ಟಿದ ಜಾಗ ಒರೆಸಬೇಕು, ಅಷ್ಟೇ. ಆಶಾ ಅಕ್ಕನೂ ಗೇಟಿನ ಹೊರಗೆ ನಿಂತು ಇದನ್ನೇ ಹೇಳಿ ಹೋದರು. ಅಮ್ಮ ತಲೆಯಾಡಿಸಿದರು, ಮಗುವನ್ನು ಮಾತ್ರ ಕೈಗೆ ಕೊಡಲಿಲ್ಲ.

ಹಾಗಾಗಿ ಪಂಪ್. ಮನೆಯವರ ಹೆದರಿಕೆಗೆ ತಂದ ಸಾಮಾನು ಅಂದರೂ ಸರಿ. ಆದರೆ ಆ ಸಮಯದಲ್ಲಿ ಅದಿಲ್ಲದಿದ್ದರೆ ಹಾಲು ಬತ್ತಿಹೋಗುತ್ತಿತ್ತು. ಎದೆ ಖಾಲಿಯಾದರೆ ತಾನೇ ಮತ್ತೆ ತುಂಬೋದು? ತೆಗೆಯದೆ ಬಿಟ್ಟರೆ ಕಟ್ಟಿಕೊಂಡು ಕಲ್ಲಾಗುತ್ತೆ. ಜ್ವರದ ಮೇಲೆ ಆ ನೋವು ಬೇರೆ.

ಮೊದಮೊದಲು ಬಾಟಲಿಯ ತಳವೂ ಮುಚ್ಚುತ್ತಿರಲಿಲ್ಲ. ಬಿಸಿ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳಬೇಕು. ಆಮೇಲೆ ಹಿಡಿಕೆಯನ್ನು ಸಣ್ಣಗೆ, ಬೇಗ ಬೇಗ ಒತ್ತಬೇಕು. ಎದೆಯೊಳಗೆ ಜುಮ್ ಅನ್ನುತ್ತೆ, ಹಾಲು ಚಿಮ್ಮಲು ಶುರುವಾಗುತ್ತೆ. ಅಲ್ಲಿಂದ ನಿಧಾನವಾಗಿ, ಉದ್ದಕ್ಕೆ ಒತ್ತಿದರೆ ಸಾಕು. ಬಾಟಲಿ ರೂಢಿ ಮಾಡಿಸಬೇಡಿ ಅಂದೆ. ಅಮ್ಮ ಅಟ್ಟದಿಂದ ಹಳೇ ಬೆಳ್ಳಿ ಒಳಲೆ ಇಳಿಸಿ, ಕುದಿಸಿ, ಅದರಲ್ಲೇ ಕುಡಿಸಿದರು. ಕೋಣೆಯ ಕಿಟಕಿಯಿಂದ ನೋಡುತ್ತಿದ್ದೆ. ಪುಟ್ಟ ಬಾಯಿಂದ ಅರ್ಧ ಹಾಲು ಕುತ್ತಿಗೆಗೇ ಇಳಿಯುತ್ತಿತ್ತು. ಅಷ್ಟು ಕಷ್ಟಪಟ್ಟು ತೆಗೆದದ್ದು, ಹೊಟ್ಟೆ ಉರಿಯಲ್ವಾ!

ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಬಂತು. ಕರೆಂಟ್ ಹೋಯಿತು, ಫ್ರಿಜ್ ಬಿಸಿಯಾಯಿತು. ತೆಗೆದ ಹಾಲು 25 ಡಿಗ್ರಿ ಒಳಗಿದ್ದರೆ ಹೊರಗೆ 4 ಗಂಟೆ ಇರುತ್ತೆ, ಫ್ರಿಜ್ಜಿನಲ್ಲಿ 4 ದಿನ. ಕಾರವಾರದ ಮೇ ತಿಂಗಳಲ್ಲಿ 25 ಡಿಗ್ರಿ ಎಲ್ಲಿಂದ ಬರಬೇಕು? ತೆಗೆಯೋದು, ಆಗಲೇ ಕುಡಿಸೋದು. ಅಂಕೋಲಾದ ದೊಡ್ಡಪ್ಪನ ಮಗಳ ದುಬಾರಿ ಪಂಪ್ ಚಾರ್ಜ್ ಇಲ್ಲದೆ ಸುಮ್ನೆ ಬಿದ್ದಿತ್ತು, ನನ್ನದು ಕೆಲಸ ಮಾಡುತ್ತಿತ್ತು. ನೆಗೆಟಿವ್ ಬಂದ ದಿನ ಮಗು ಎದೆಗೆ ಬಂತು, ಒಂದೆರಡು ದಿನ ಮೊಂಡು ಹಿಡಿದು ಆಮೇಲೆ ಸರಿಹೋಯಿತು.

ಹಾಲುಣಿಸುವ ತಾಯಂದಿರು ಲಸಿಕೆ ತಗೊಳ್ಳಬಹುದು ಅಂತ ಕೇಂದ್ರ ಸರ್ಕಾರ ಹೇಳಿದ್ದು 2021ರ ಮೇ 19ಕ್ಕೆ. ಕೋವಿಡ್ ಬಂದು ಹೋದವರು ಮೂರು ತಿಂಗಳು ಕಾಯಬೇಕು ಅಂತಲೂ ಹೇಳಿತು, ನಾನು ಕಾದೆ. ಲಸಿಕೆ ಆದ ಮೇಲೂ 'ಇವತ್ತೊಂದು ದಿನ ಹಾಲು ಕೊಡಬೇಡ' ಅಂದವರಿದ್ದರು. ಕೇಳಲಿಲ್ಲ.

ಈಗ ವಾಲ್ವ್ ವಿಷಯ. ಬಾತುಕೋಳಿ ಕೊಕ್ಕಿನಂಥ ಪುಟ್ಟ ಸಿಲಿಕೋನ್ ತುಂಡು. ಬ್ರಶ್ ಹಾಕಿ ತಿಕ್ಕಿದರೆ ಸೀಳು ಸಡಿಲವಾಗುತ್ತೆ, ಎಳೆತ ಕಮ್ಮಿಯಾಗುತ್ತೆ. ಹಾಲು ಕಮ್ಮಿಯಾಯಿತೇನೋ ಅಂತ ನಾವು ಕಂಗಾಲು. ಮನೆಯಲ್ಲಿ ಆಗಲೇ ಪುಡಿ ಹಾಲಿನ ಡಬ್ಬಿ ಮಾತು ಶುರು! ಅಂಗಡಿಯವನು ಬಿಡಿ ವಾಲ್ವ್ ಇಲ್ಲ, ಹೊಸ ಸೆಟ್ಟೇ ತಗೊಳ್ಳಿ ಅಂದ. ಕೊನೆಗೆ ಆನ್‌ಲೈನ್‌ನಲ್ಲಿ ಸಿಕ್ಕಿತು. ಬೆರಳಿನಿಂದ ತೊಳೆದು ಒಣಗಿಸಿದರೆ ಜಾಸ್ತಿ ದಿನ ಬರುತ್ತೆ.

2024ರಲ್ಲಿ ಎರಡನೆಯವಳು ಹುಟ್ಟಿದಾಗ ವಾಲ್ವ್, ರಬ್ಬರ್ ಬದಲಾಯಿಸಿ ಇದನ್ನೇ ಬಳಸಿದೆ. ರಜೆ ಮುಗಿದು ಶಾಲೆಗೆ ಹೋದ ಮೇಲೆ ಮಧ್ಯಾಹ್ನ ಸ್ಟಾಫ್ ರೂಮಿನ ಮೂಲೆಯಲ್ಲಿ ಹಾಲು ತೆಗೆಯುತ್ತಿದ್ದೆ. ಸದ್ದಿಲ್ಲ, ಅದೇ ದೊಡ್ಡ ಲಾಭ. ಆದರೆ ದಿನಾ ಒತ್ತಿದರೆ ಹೆಬ್ಬೆರಳ ಬುಡ ನೋಯುತ್ತೆ. ದಿನಕ್ಕೆ ಮೂರು ನಾಲ್ಕು ಸಲ ತೆಗೆಯುವವರು ಕರೆಂಟಿನದೇ ನೋಡಿ. ಅಕ್ಕತಂಗಿಯರು ಎರವಲು ಕೇಳಿದರೆ ಕೊಡಬೇಡಿ, ಇದು ಒಬ್ಬರೇ ಬಳಸಬೇಕಾದದ್ದು.

ಮನೆಯಲ್ಲೇ ಇದ್ದು, ಮಗು ಚೆನ್ನಾಗಿ ಚೀಪುತ್ತಿದ್ದರೆ ಈ ದುಡ್ಡು ಖರ್ಚು ಮಾಡಬೇಡಿ. ಅಪರೂಪಕ್ಕೆ ತೆಗೆಯೋಕೆ ಕೈಯೇ ಸಾಕು, ನರ್ಸ್ ಹತ್ತಿರ ಒಮ್ಮೆ ತೋರಿಸಿಕೊಳ್ಳಿ. ತಗೊಳ್ಳುವವರು ದುಡ್ಡು ಕೊಡುವ ಮೊದಲು ಬಿಡಿ ವಾಲ್ವ್ ಸಿಗುತ್ತಾ ಕೇಳಿ. ಇಲ್ಲ ಅಂದರೆ ಬೇರೆ ಕಂಪನಿಯದು ನೋಡಿ.