ಆಲ್ಪೈನ್ ಲಿನಕ್ಸ್ ದೀರ್ಘ ಬಳಕೆಯ ವಿಮರ್ಶೆ: ನ್ಯಾನೊ ಜೊತೆಗೇ ಬರಬೇಕಿತ್ತೇ?

ಪುಟ್ಟ ಗಾತ್ರದ ಲಿನಕ್ಸ್ ಸಿಸ್ಟಮ್ ಆಲ್ಪೈನ್ ಹಾಕಿಕೊಂಡ ಮೊದಲ ದಿನವೇ ಅನೇಕರು ಹುಡುಕುವುದು ನ್ಯಾನೊ ಎಂಬ ಸರಳ ಟೆಕ್ಸ್ಟ್ ಎಡಿಟರನ್ನು. ಅದಿಲ್ಲ, ಇನ್ನೊಂದು ಎಡಿಟರ್ ವಿಮ್ ಕೂಡ ಇಲ್ಲ. ಇರುವುದು ಬಿಜಿಬಾಕ್ಸ್ (ಹಲವು ಮೂಲ ಆಜ್ಞೆಗಳನ್ನು ಒಂದೇ ಪ್ರೋಗ್ರಾಮಿನಲ್ಲಿ ಕಟ್ಟಿಟ್ಟ ಸಾಧನ) ಒಳಗಿನ ಪುಟ್ಟ ವಿಐ ಎಡಿಟರ್ ಮಾತ್ರ. ಕಂಟೇನರ್ (ಪ್ರೋಗ್ರಾಮನ್ನು ಪ್ರತ್ಯೇಕವಾಗಿ ಓಡಿಸುವ ಪೆಟ್ಟಿಗೆ) ಆದರೆ 8 ಎಂಬಿಯೊಳಗೆ, ಡಿಸ್ಕಿಗೆ ಹಾಕಿದರೆ 130 ಎಂಬಿ ಆಸುಪಾಸಿನಲ್ಲಿ ಮುಗಿಯುವ ಈ ಸಿಸ್ಟಮ್ಮಿಗೆ ಜನರ ಅಚ್ಚುಮೆಚ್ಚಿನ ಎಡಿಟರನ್ನೂ ಸೇರಿಸಬೇಕಿತ್ತೇ? ಸರ್ವರ್, ರಾಸ್ಪ್‌ಬೆರಿ ಪೈ, ಕಂಟೇನರ್ ಮೂರರಲ್ಲೂ ವರ್ಷಗಟ್ಟಲೆ ಓಡಿಸಿದ ಮೇಲೆ ಬರುವ ಉತ್ತರ: ಬೇಡ. ಹಾಗಂತ ಈಗಿರುವ ವ್ಯವಸ್ಥೆ ಪೂರ್ತಿ ಸರಿಯಿದೆ ಎಂದಲ್ಲ, ಅದರಲ್ಲೂ ಕನ್ನಡದಲ್ಲಿ ಫೈಲ್ ಬರೆಯುವವರಿಗೆ.

ಎಡಿಟರೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಆರ್ಚ್ ಲಿನಕ್ಸ್ ಸಾಕ್ಷಿ. 2019ರ ಅಕ್ಟೋಬರಿನಲ್ಲಿ ಅದರ ಬೇಸ್ ಪ್ಯಾಕೇಜಿನಿಂದ (ಇನ್‌ಸ್ಟಾಲ್ ಮಾಡುವಾಗ ಹಾಕುವ ಮೂಲ ಸಾಮಗ್ರಿಯಿಂದ) ವಿಐ, ನ್ಯಾನೊ ಎರಡೂ ಹೊರಬಿದ್ದವು. ಹಳೆಯ ಅಭ್ಯಾಸದಲ್ಲೇ ಇನ್‌ಸ್ಟಾಲ್ ಮಾಡಿದವರು ರೀಬೂಟ್ ಆದಮೇಲೆ ನೆಟ್‌ವರ್ಕ್ ಫೈಲ್ ತಿದ್ದಲು ಹೋದರೆ ಎಡಿಟರ್ ಇಲ್ಲ, ಎಡಿಟರ್ ತರಿಸೋಣವೆಂದರೆ ನೆಟ್‌ವರ್ಕ್ ಇಲ್ಲ. ಈ ಗಂಟು ಬೀಳದಿರಲಿಕ್ಕಾದರೂ ಬೇಸ್‌ನಲ್ಲಿ ಒಂದು ಎಡಿಟರ್ ಇರಲೇಬೇಕು. ಲಿನಕ್ಸಿನಂಥದೇ ಬೇರೆ ಸಿಸ್ಟಮ್ಮಾದ ಓಪನ್‌ಬಿಎಸ್‌ಡಿಯವರು ಇನ್‌ಸ್ಟಾಲರ್ ಒಳಗೂ ‘ಇಡಿ’ (ed) ಎಂಬ ಎಡಿಟರ್ ಇಟ್ಟಿರುವುದು, ಫ್ರೀಬಿಎಸ್‌ಡಿಯ ರೆಸ್ಕ್ಯೂ ಫೋಲ್ಡರಿನಲ್ಲಿ ಯಾವ ಲೈಬ್ರರಿಯ ಹಂಗೂ ಇಲ್ಲದ ವಿಐ ಇರುವುದು ಇದೇ ಕಾರಣಕ್ಕೆ.

ಬಿಜಿಬಾಕ್ಸ್ ವಿಐನ ದೊಡ್ಡ ಗುಣ ಕಷ್ಟಕಾಲದಲ್ಲಿ ಗೊತ್ತಾಗುತ್ತದೆ. ಅದಕ್ಕೆ ಪರದೆಯನ್ನು ನಿಭಾಯಿಸುವ ಎನ್‌ಕರ್ಸಸ್ ಲೈಬ್ರರಿ ಬೇಕಿಲ್ಲ, ಟರ್ಮಿನಲ್ ಮಾಹಿತಿಯ ಫೈಲುಗಳೂ ಬೇಕಿಲ್ಲ. ಪರದೆಗೆ ಕಳಿಸುವ ಸಂಕೇತಗಳನ್ನು ತನ್ನೊಳಗೇ ಇಟ್ಟುಕೊಂಡಿದೆ. ಕಿಟ್ಟಿಯಂಥ ಟರ್ಮಿನಲ್ಲಿನಿಂದ ಎಸ್‌ಎಸ್‌ಎಚ್ ಮಾಡಿ (ದೂರದ ಯಂತ್ರಕ್ಕೆ ಲಾಗಿನ್ ಆಗಿ) ನ್ಯಾನೊ ತೆರೆದರೆ "ಎರರ್ ಓಪನಿಂಗ್ ಟರ್ಮಿನಲ್" ಎಂದು ನಿಂತುಬಿಡಬಹುದು. ಆಗ ಟರ್ಮಿನಲ್ ಬಗೆಯನ್ನು ಹೇಳುವ ಟರ್ಮ್ ವೇರಿಯೇಬಲ್ಲಿಗೆ ಎಕ್ಸ್‌ಟರ್ಮ್ ಎಂದು ಕೊಟ್ಟು ತೆರೆಯಬೇಕು, ಇಲ್ಲವೇ ಎನ್‌ಕರ್ಸಸ್-ಟರ್ಮ್‌ಇನ್ಫೊ ಪ್ಯಾಕೇಜ್ ಹಾಕಬೇಕು. ವಿಐಗೆ ಈ ರಗಳೆಯೇ ಇಲ್ಲ, ಸೀರಿಯಲ್ ಕೇಬಲ್ಲಿನಲ್ಲೂ ತೆರೆದುಕೊಳ್ಳುತ್ತದೆ.

ಇನ್ನು ಕೊರತೆಗಳು. ಬಣ್ಣ ಇಲ್ಲ, ಪಠ್ಯವನ್ನು ಗುರುತುಹಾಕಿ ಆಯ್ದುಕೊಳ್ಳುವ ವಿಶುವಲ್ ಮೋಡ್ ಇಲ್ಲ. ಯು ಒತ್ತಿದರೆ ಮಾಡಿದ್ದು ರದ್ದಾಗುತ್ತದೆ, ಆದರೆ ಕಂಟ್ರೋಲ್ ಆರ್ ಒತ್ತಿ ಅದನ್ನು ಮರಳಿ ತರಲಾಗದು. ಹುಡುಕಾಟ ಅಕ್ಷರಶಃ ನಡೆಯುತ್ತದೆ. ಚುಕ್ಕಿ-ನಕ್ಷತ್ರದ ಪ್ಯಾಟರ್ನ್ ಕೊಟ್ಟರೆ ಸಿಗುವುದಿಲ್ಲ. ಆ ಸೌಲಭ್ಯಕ್ಕೆ ಪ್ಯಾಟರ್ನ್ ಹುಡುಕುವ ಗ್ನೂ ರೆಜೆಕ್ಸ್ ಬೇಕು, ಆಲ್ಪೈನ್ ನಿಂತಿರುವ ಮಸಲ್ ಲೈಬ್ರರಿಯಲ್ಲಿ ಅದಿಲ್ಲ. ಅಂಥ ಬದಲಾವಣೆಗೆ ಸೆಡ್ ಎಂಬ ಆಜ್ಞೆ ಬಳಸುವುದೇ ಸರಿ. ಇವೆಲ್ಲ ಸಹಿಸಬಹುದಾದವು.

ಸಹಿಸಲಾಗದ್ದು ಯೂನಿಕೋಡ್ ವಿಷಯ. ಈ ವಿಐಗೆ ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಕ್ರಮ) ತಿಳಿಯದು, ಅದು ಎಣಿಸುವುದು ಬೈಟುಗಳನ್ನು. ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. "ಮೈಸೂರು" ಎಂಬ ಪದದಲ್ಲಿ 6 ಸಂಕೇತ, ಅಂದರೆ 18 ಬೈಟ್. ಒಂದು "ಕ್ಷ"ಕ್ಕೇ 9. ಪರದೆಯಲ್ಲಿ ಅವು ಚುಕ್ಕಿಗಳಾಗಿಯೋ ಒಡೆದ ಗುರುತುಗಳಾಗಿಯೋ ಕಾಣುತ್ತವೆ. "ಮೈಸೂರು" ಪದದ ಮೊದಲಲ್ಲಿ ಕರ್ಸರ್ ಇಟ್ಟು ಒಮ್ಮೆ ಎಕ್ಸ್ ಒತ್ತಿ ನೋಡಿ: "ಮ" ಹೋಗುವುದಿಲ್ಲ, ಅದರ ಮೂರರಲ್ಲಿ ಒಂದು ಬೈಟ್ ಮಾತ್ರ ಹೋಗುತ್ತದೆ. ಉಳಿದ ಎರಡು ಅನಾಥ ಬೈಟುಗಳ ಸಮೇತ ಸೇವ್ ಮಾಡಿದರೆ ಆ ಫೈಲನ್ನು ಪೈಥಾನ್ ಓದಲು ಹೋಗಿ ಡಿಕೋಡ್ ಎರರ್ ಎಸೆಯುತ್ತದೆ, ಬ್ರೌಸರಿನಲ್ಲಿ ಪ್ರಶ್ನೆಗುರುತಿನ ಡೈಮಂಡ್ ಮೂಡುತ್ತದೆ. ಕನ್ನಡ ಇರುವ ಎಚ್‌ಟಿಎಂಎಲ್, ಅನುವಾದದ ಫೈಲುಗಳನ್ನು ಇದರಲ್ಲಿ ತೆರೆದರೂ ಕನ್ನಡದ ಸಾಲನ್ನು ಮುಟ್ಟಬೇಡಿ. ಇಡೀ ಸಾಲನ್ನು ಡಿಡಿ ಒತ್ತಿ ತೆಗೆಯುವುದು ಸುರಕ್ಷಿತ, ಸಾಲಿನೊಳಗೆ ಕೈಹಾಕುವುದು ಅಪಾಯ.

ನ್ಯಾನೊದಲ್ಲಿ ಈ ಒಡಕು ಇಲ್ಲ. ಮಸಲ್ ಯುಟಿಎಫ್-8 ಅನ್ನೇ ಸಹಜವೆಂದು ಹಿಡಿಯುವುದರಿಂದ ಲೊಕೇಲ್ ಸೆಟ್ಟಿಂಗೂ ಬೇಡ. ಒತ್ತಕ್ಷರ ಸರಿಯಾಗಿ ಕಾಣುವುದು ಮಾತ್ರ ನಿಮ್ಮ ಕಡೆಯ ಟರ್ಮಿನಲ್ಲಿಗೆ ಬಿಟ್ಟದ್ದು; ಲಿನಕ್ಸಿನ ಬರಿಯ ಕನ್ಸೋಲ್ ಕನ್ನಡವನ್ನು ತೋರಿಸುವುದೇ ಇಲ್ಲ. ಬ್ರೌಸರ್ ಮೂಲಕ ವರ್ಚುವಲ್ ಮಶೀನಿನ ಕನ್ಸೋಲ್ ಬಳಸುವವರಿಗೆ ಇನ್ನೊಂದು ಮಾತು: ನ್ಯಾನೊದಲ್ಲಿ ಹುಡುಕಲು ಕಂಟ್ರೋಲ್ ಡಬ್ಲ್ಯೂ ಒತ್ತಿದರೆ ಟ್ಯಾಬೇ ಮುಚ್ಚಿಹೋಗುತ್ತದೆ. ಎಫ್6 ಒತ್ತಿ.

ಆಲ್ಪೈನಿನ ಪ್ಯಾಕೇಜ್ ಸಾಧನ ಎಪಿಕೆ ಬಳಸಿ ಎಪಿಕೆ ಆ್ಯಡ್ ನ್ಯಾನೊ ಎಂದರೆ ಕ್ಷಣದಲ್ಲಿ ಬರುತ್ತದೆ ನಿಜ. ಆದರೆ ಡಿಸ್ಕ್‌ಲೆಸ್ ಮೋಡಿನಲ್ಲಿ, ಅಂದರೆ ಎಲ್ಲವೂ ರ್‍ಯಾಮಿನಲ್ಲಿ ಓಡುವ ಪೈಗಳಲ್ಲಿ, ಹೀಗೆ ಹಾಕಿದ ನ್ಯಾನೊ ರೀಬೂಟ್ ಆದಮೇಲೆ ಮಾಯ. ಬದಲಾವಣೆಗಳನ್ನು ಉಳಿಸುವ ಎಲ್‌ಬಿಯು ಸಾಧನದಿಂದ ಕಮಿಟ್ ಮಾಡಿದರೆ ಉಳಿಯುವುದು ಪ್ಯಾಕೇಜಿನ ಹೆಸರು ಮಾತ್ರ, ಪ್ಯಾಕೇಜ್ ಅಲ್ಲ. ಮೊದಲು ಸೆಟಪ್-ಎಪಿಕೆಕ್ಯಾಶ್ ಓಡಿಸಿ ಎಸ್‌ಡಿ ಕಾರ್ಡಿನಲ್ಲಿ ಜಾಗ ತೋರಿಸಿ, ನ್ಯಾನೊ ಹಾಕಿ, ಕೊನೆಗೆ ಕಮಿಟ್ ಮಾಡಿ. ನ್ಯಾನೊ ಸೆಟ್ಟಿಂಗುಗಳನ್ನು ರೂಟ್ ಬಳಕೆದಾರನ ಹೋಮ್ ಫೋಲ್ಡರಿನಲ್ಲಿಟ್ಟರೆ ಅವೂ ಹೋಗುತ್ತವೆ, ಏಕೆಂದರೆ ಎಲ್‌ಬಿಯು ತಾನಾಗಿ ಉಳಿಸುವುದು ಇಟಿಸಿ ಫೋಲ್ಡರನ್ನು.

ನ್ಯಾನೊ ಹಾಕಿದ ಮೇಲೂ ಕ್ರಾನ್‌ಟ್ಯಾಬ್ (ನಿಗದಿತ ವೇಳೆಗೆ ಓಡುವ ಕೆಲಸಗಳ ಪಟ್ಟಿ) ತೆರೆದರೆ ವಿಐ ಬರುತ್ತದೆ. ಇಟಿಸಿಯ ಪ್ರೊಫೈಲ್.ಡಿ ಒಳಗೆ ಒಂದು ಎಸ್‌ಎಚ್ ಫೈಲಿನಲ್ಲಿ ಎಡಿಟರ್ ವೇರಿಯೇಬಲ್ಲಿಗೆ ನ್ಯಾನೊ ಎಂದು ಬರೆದು ಎಕ್ಸ್‌ಪೋರ್ಟ್ ಮಾಡಿ, ಮತ್ತೆ ಲಾಗಿನ್ ಆಗಿ. ರೂಟ್ ಅಧಿಕಾರದಲ್ಲಿ ಆಜ್ಞೆ ಓಡಿಸಲು ಬಿಡುವ ಡೂ-ಆ್ಯಸ್ ಮೂಲಕ ಓಡಿಸುವಾಗ ಅದು ಈ ವೇರಿಯೇಬಲ್ಲನ್ನು ಕಿತ್ತುಹಾಕುತ್ತದೆ. ಅದರ ನಿಯಮದ ಸಾಲಿನಲ್ಲಿ ಸೆಟೆನ್ವ್ ಬಳಸಿ ಎಡಿಟರ್ ಹೆಸರನ್ನು ಸೇರಿಸಬೇಕು.

ಇನ್‌ಸ್ಟಾಲ್ ಮಾಡಿಸುವ ಸೆಟಪ್-ಆಲ್ಪೈನ್ ಸ್ಕ್ರಿಪ್ಟ್ ಯಾವ ಎಸ್‌ಎಸ್‌ಎಚ್ ಸರ್ವರ್ ಬೇಕು, ಗಡಿಯಾರಕ್ಕೆ ಯಾವ ಎನ್‌ಟಿಪಿ ಕ್ಲೈಂಟ್ ಬೇಕು ಎಂದು ಕೇಳುತ್ತದೆ, ಏನೂ ಬೇಡವೆನ್ನಲೂ ಬಿಡುತ್ತದೆ. ಅಲ್ಲೇ ಎಡಿಟರ್ ಬಗ್ಗೆಯೂ ಒಂದು ಪ್ರಶ್ನೆ ಬೇಕು. ಕೇಳುವ ಹೊತ್ತಿಗೆ ನೆಟ್‌ವರ್ಕ್ ಸಿದ್ಧವಾಗಿರುತ್ತದೆ, ಇಮೇಜಿನ ಗಾತ್ರ ಒಂದು ಬೈಟೂ ಹೆಚ್ಚುವುದಿಲ್ಲ, ವೇರಿಯೇಬಲ್ಲನ್ನೂ ಸ್ಕ್ರಿಪ್ಟೇ ಬರೆದುಬಿಡಬಹುದು. ಈ ಒಂದು ಪ್ರಶ್ನೆ ಇಲ್ಲದ್ದಕ್ಕೇ 5ಕ್ಕೆ 4.

ಅಲ್ಲಿಯವರೆಗೆ, ಇಂಟರ್‌ನೆಟ್ ಇಲ್ಲದ ಕಡೆ ಯಂತ್ರ ಕೂರಿಸುವವರು ಅದೇ ಆವೃತ್ತಿಯ, ಅದೇ ಪ್ರೊಸೆಸರ್ ಬಗೆಯ ಬೇರೊಂದು ಆಲ್ಪೈನಿನಲ್ಲಿ ಎಪಿಕೆ ಫೆಚ್ ಆಜ್ಞೆಗೆ ರಿಕರ್ಸಿವ್ ಆಯ್ಕೆ ಕೊಟ್ಟು ನ್ಯಾನೊವನ್ನು ಅವಲಂಬನೆಗಳ ಸಮೇತ ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ. ಜಾಗಕ್ಕೆ ಹೋದಮೇಲೆ ಎಪಿಕೆ ಆ್ಯಡ್ ಎದುರು ಆ ಫೈಲುಗಳನ್ನೇ ಕೊಟ್ಟರಾಯಿತು.