ಪ್ರಯೋಗಾಲಯ ಸುರಕ್ಷತೆಯ ಎರಡು ದಿನಗಳ ತರಬೇತಿ: ಯಾರು ಕುಳಿತಿದ್ದರು, ಯಾರು ಹೊರಗುಳಿದರು

ಜಿಗಣಿ ಕೈಗಾರಿಕಾ ಪ್ರದೇಶದ ಔಷಧ ಕಂಪನಿಯೊಂದರ ಗುಣಮಟ್ಟ ಪರೀಕ್ಷಿಸುವ ಕ್ಯೂಸಿ ಲ್ಯಾಬ್‌ನಲ್ಲಿ ಕೆಲಸ ಮಾಡುವ ನಾನು, ನಮ್ಮ ಕಂಪನಿ ಏರ್ಪಡಿಸಿದ್ದ ರಾಸಾಯನಿಕ ಸುರಕ್ಷತೆಯ ಎರಡು ದಿನಗಳ ತರಬೇತಿಯಲ್ಲಿಯೂ, ಅದೇ ಪ್ಯಾಕೇಜಿನ ಭಾಗವಾಗಿ ನಂತರ ತಿಂಗಳಿಗೊಮ್ಮೆ ನಡೆದ ಸಭೆಗಳಲ್ಲಿಯೂ ಭಾಗವಹಿಸಿದ್ದೇನೆ. ನಡೆಸಿಕೊಟ್ಟದ್ದು ಬೆಂಗಳೂರಿನ ಒಂದು ಖಾಸಗಿ ಸಲಹಾ ಸಂಸ್ಥೆ. ಇಲ್ಲಿ ಮೆಚ್ಚುಗೆಯ ಜೊತೆಗೆ ಆಕ್ಷೇಪಗಳೂ ಇರುವುದರಿಂದ ಸಂಸ್ಥೆಯ ಹೆಸರನ್ನು ಬರೆದಿಲ್ಲ. ಇಂಥ ತರಬೇತಿಗೆ ಹಣ ಕೊಡಲು ಯೋಚಿಸುತ್ತಿರುವ ಲ್ಯಾಬ್ ಮುಖ್ಯಸ್ಥರು ಮತ್ತು ಕಾಲೇಜುಗಳ ರಸಾಯನಶಾಸ್ತ್ರ ವಿಭಾಗದವರು ಏನನ್ನು ವಿಚಾರಿಸಿಕೊಂಡು ಒಪ್ಪಿಗೆ ಕೊಡಬೇಕು ಎಂಬುದೇ ಈ ವಿಮರ್ಶೆಯ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಪ್ರಾತ್ಯಕ್ಷಿಕೆಗಳು ಬಹಳ ಚೆನ್ನಾಗಿವೆ, ಉಪನ್ಯಾಸಗಳು ಸಾಧಾರಣ, ಮಾಸಿಕ ಸಭೆಗಳು ಕೊಟ್ಟ ಹಣಕ್ಕಿಂತ ಹೆಚ್ಚು ಬೆಲೆಯುಳ್ಳವು. ಆದರೆ ರಾಸಾಯನಿಕಗಳನ್ನು ದಿನವಿಡೀ ಕೈಯಿಂದ ಮುಟ್ಟುವ ಅಟೆಂಡರ್‌ಗಳನ್ನು ಮೊದಲ ಎರಡು ದಿನ ಸಭಾಂಗಣದ ಹೊರಗೇ ಇಟ್ಟದ್ದು ದೊಡ್ಡ ಲೋಪ.

ಮೊದಲ ದಿನದ ಬೆಳಗಿನ ಅವಧಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಪಾಯ ಸೂಚಿಸುವ ಒಂಬತ್ತು ಚಿತ್ರಸಂಕೇತಗಳು, ಎಸ್‌ಡಿಎಸ್ ಎನ್ನುವ ರಾಸಾಯನಿಕದ ಸುರಕ್ಷತಾ ಮಾಹಿತಿ ಪತ್ರದ ಹದಿನಾರು ವಿಭಾಗಗಳು, ಪಿಪಿಇ ಎನ್ನುವ ರಕ್ಷಣಾ ಸಾಧನಗಳ ಪಟ್ಟಿ ಇವೆಲ್ಲ ಸ್ಲೈಡುಗಳ ಮೇಲೆ ಒಂದಾದ ಮೇಲೊಂದು ಬಂದುಹೋದವು. ಒಂದು ಅಭ್ಯಾಸ ಮಾತ್ರ ಮನಸ್ಸಿನಲ್ಲಿ ಉಳಿಯಿತು. ಮಾದರಿಯ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಉಪಕರಣಕ್ಕೆ ನಾವು ಪ್ರತಿದಿನ ಬಳಸುವ ಅಸಿಟೋನೈಟ್ರೈಲ್‌ನ ಎಸ್‌ಡಿಎಸ್ ಪ್ರತಿಯನ್ನು ಎಲ್ಲರ ಕೈಗೂ ಕೊಟ್ಟು, ಪ್ರಥಮ ಚಿಕಿತ್ಸೆ ಇರುವ ನಾಲ್ಕನೆಯ ವಿಭಾಗವನ್ನೂ ಯಾವುದರೊಡನೆ ಬೆರೆಯಬಾರದೆಂದು ತಿಳಿಸುವ ಹತ್ತನೆಯ ವಿಭಾಗವನ್ನೂ ಗಟ್ಟಿಯಾಗಿ ಓದಿಸಿದರು. ಈ ದ್ರಾವಕ ದೇಹದೊಳಗೆ ಹೋದ ಮೇಲೆ ನಿಧಾನವಾಗಿ ಸಯನೈಡ್ ಆಗಿ ಮಾರ್ಪಡುತ್ತದೆ ಎಂಬುದೂ, ಆದ್ದರಿಂದ ಲಕ್ಷಣಗಳು ಕೆಲವು ಗಂಟೆ ತಡವಾಗಿ ಕಾಣಿಸಿಕೊಳ್ಳಬಹುದು ಎಂಬುದೂ, ವರ್ಷಗಟ್ಟಲೆ ಅದನ್ನು ಬಳಸಿದ ಹಲವರಿಗೆ ಹೊಸ ವಿಷಯವಾಗಿತ್ತು. ಸಂಜೆ ತಲೆಸುತ್ತು, ವಾಂತಿ ಎಂದು ಆಸ್ಪತ್ರೆಗೆ ಹೋದವರು ಬೆಳಿಗ್ಗೆ ಏನನ್ನು ಬಳಸಿದ್ದೆ ಎಂದು ವೈದ್ಯರಿಗೆ ಹೇಳುವುದು ಎಷ್ಟು ಮುಖ್ಯ ಎಂಬುದು ಇದರಿಂದ ಸ್ಪಷ್ಟವಾಯಿತು.

ಇಡೀ ತರಬೇತಿಯನ್ನು ಅಮೆರಿಕದಲ್ಲಿ ರೂಪುಗೊಂಡ 'ರ‍್ಯಾಂಪ್' ಎಂಬ ನಾಲ್ಕು ಹೆಜ್ಜೆಗಳ ಚೌಕಟ್ಟಿನ ಮೇಲೆ ಕಟ್ಟಿದ್ದಾರೆ: ಅಪಾಯವನ್ನು ಗುರುತಿಸುವುದು, ಅದರಿಂದ ಎಷ್ಟು ಹಾನಿಯಾಗಬಹುದೆಂದು ಅಂದಾಜಿಸುವುದು, ಅದನ್ನು ತಗ್ಗಿಸುವುದು, ಆದರೂ ಅವಘಡವಾದರೆ ಏನು ಮಾಡಬೇಕೆಂದು ಮೊದಲೇ ಸಿದ್ಧವಾಗಿರುವುದು. ಅಮೆರಿಕನ್ ಕೆಮಿಕಲ್ ಸೊಸೈಟಿ ಈ ವಿಧಾನವನ್ನೇ ಪ್ರೋತ್ಸಾಹಿಸುತ್ತ ಬಂದಿದೆ. ಅದರ ರಾಸಾಯನಿಕ ಸ್ವಾಸ್ಥ್ಯ ಮತ್ತು ಸುರಕ್ಷತಾ ವಿಭಾಗವು ಇದೇ ವಿಷಯಗಳ ಮೇಲೆ ಕಾರ್ಯಾಗಾರಗಳನ್ನು ನಡೆಸುತ್ತದೆ. ನಮ್ಮ ತರಬೇತುದಾರರು ಆ ಸಾಮಗ್ರಿಯನ್ನು ಬಳಸಿಕೊಂಡದ್ದರಲ್ಲಿ ತಪ್ಪೇನಿಲ್ಲ. ಎಲ್ಲಿಂದ ತಂದದ್ದೆಂದು ಪ್ರಾಮಾಣಿಕವಾಗಿ ಹೇಳಿಯೂ ಇದ್ದರು.

ಮಧ್ಯಾಹ್ನ ಊಟವಾದ ಮೇಲೆ ನಮ್ಮನ್ನು ಸಣ್ಣ ಗುಂಪುಗಳಾಗಿ ಲ್ಯಾಬ್‌ಗೇ ಕರೆದೊಯ್ದರು, ತರಬೇತಿಗೆ ಜೀವ ಬಂದದ್ದು ಅಲ್ಲಿ. ಬಿಸಿನೀರು ತುಂಬಿದ ಬಟ್ಟಲಿಗೆ ಡ್ರೈ ಐಸ್ (ಘನ ಕಾರ್ಬನ್ ಡೈಆಕ್ಸೈಡ್) ಚೂರುಗಳನ್ನು ಹಾಕಿ, ಅದನ್ನು ವಿಷಗಾಳಿಯನ್ನು ಎಳೆದು ಹೊರಹಾಕುವ ಕಪಾಟಿನಂಥ ಫ್ಯೂಮ್ ಹುಡ್‌ನ ಅಂಚಿನಲ್ಲಿಯೇ ಇಟ್ಟರು. ಬಿಳಿಯ ಮಂಜು ಸಲೀಸಾಗಿ ಒಳಗೆ ಎಳೆದುಕೊಂಡು ಹೋಗುತ್ತಿತ್ತು. ಆಗ ನಮ್ಮಲ್ಲೊಬ್ಬರನ್ನು ಹುಡ್‌ನ ಮುಂದಿನಿಂದ ಬಿರುಸಾಗಿ ನಡೆದುಹೋಗಲು ಹೇಳಿದರು. ಅವರ ಬೆನ್ನ ಹಿಂದೆಯೇ ಮಂಜಿನ ಒಂದು ಎಳೆ ಹೊರಗೆ ಬಾಗಿ, ಹುಡ್ ಎದುರು ನಿಂತಿದ್ದವರ ಎದೆಯ ಮಟ್ಟಕ್ಕೆ ಬಂದು ಕರಗಿತು. ಅದೇ ಬಟ್ಟಲನ್ನು ಒಂದು ಗೇಣಿನಷ್ಟು ಒಳಗೆ ಸರಿಸಿ, ಸ್ಯಾಶ್ ಎನ್ನುವ ಗಾಜಿನ ಬಾಗಿಲನ್ನು ಗುರುತಿನವರೆಗೆ ಇಳಿಸಿದ ಮೇಲೆ ಎಷ್ಟೇ ಬಿರುಸಾಗಿ ನಡೆದರೂ ಮಂಜು ಹೊರಗೆ ಬರಲಿಲ್ಲ. ಹುಡ್‌ನ ಬಾಯಿಯಲ್ಲಿ ಗಾಳಿಯ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 80ರಿಂದ 120 ಅಡಿ ಇರಬೇಕೆಂಬ ಅಂಕಿಯನ್ನು ನಾವೆಲ್ಲ ವಾರ್ಷಿಕ ತಪಾಸಣೆಯ ಸ್ಟಿಕರಿನ ಮೇಲೆ ಓದಿದವರೇ. ಆದರೆ ನಿಮಿಷಕ್ಕೆ 100 ಅಡಿ ಎಂದರೆ ಸೆಕೆಂಡಿಗೆ ಅರ್ಧ ಮೀಟರ್ ಮಾತ್ರ, ಮನುಷ್ಯ ಆರಾಮವಾಗಿ ನಡೆಯುವ ವೇಗಕ್ಕಿಂತಲೂ ಕಡಿಮೆ ಎಂಬುದು ಕಣ್ಣಾರೆ ನೋಡಿದಾಗಲೇ ಅರ್ಥವಾದದ್ದು. ನಮ್ಮ ಒಂದು ಹುಡ್ ಬಾಗಿಲಿನ ಪಕ್ಕದಲ್ಲೇ ಇದೆ. ದಿನವಿಡೀ ಜನ ಓಡಾಡುವ ಜಾಗ ಅದು.

ಗ್ಲೋವ್ಸ್ ಕುರಿತ ಪ್ರಾತ್ಯಕ್ಷಿಕೆ ಇದಕ್ಕಿಂತಲೂ ಪರಿಣಾಮಕಾರಿಯಾಗಿತ್ತು. ನಾವು ಬಳಸುವ ತೆಳುವಾದ ನೀಲಿ ನೈಟ್ರೈಲ್ ಗ್ಲೋವ್ಸ್‌ನ ಒಂದು ಬೆರಳಿಗೆ ಹುಡ್‌ನೊಳಗೆ ಎಂಡಿಸಿ, ಅಂದರೆ ಡೈಕ್ಲೋರೋಮೀಥೇನ್ ಎಂಬ ದ್ರಾವಕ, ಸುರಿದು ತೂಗುಹಾಕಿದರು. ಕೆಲವೇ ನಿಮಿಷಗಳಲ್ಲಿ ಆ ಬೆರಳು ಸುಕ್ಕುಗಟ್ಟಿ, ಉದ್ದವಾಗಿ, ಹೊರಮೈ ಒದ್ದೆಯಾಯಿತು. ಇದೇ ಸಂದರ್ಭದಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ 1996ರ ಆಗಸ್ಟ್‌ನಲ್ಲಿ ನಡೆದದ್ದನ್ನು ಹೇಳಿದರು. ಪಾದರಸದ ಸಂಯುಕ್ತವಾದ ಡೈಮೀಥೈಲ್ ಮರ್ಕ್ಯುರಿಯ ಒಂದೆರಡು ಹನಿ ಲ್ಯಾಟೆಕ್ಸ್ ಗ್ಲೋವ್ಸ್ ಮೇಲೆ ಬಿದ್ದಿತ್ತು. ಹುಡ್‌ನೊಳಗೇ, ಎಚ್ಚರದಿಂದಲೇ ಕೆಲಸ ಮಾಡುತ್ತಿದ್ದ ಹಿರಿಯ ವಿಜ್ಞಾನಿ 1997ರ ಜೂನ್‌ನಲ್ಲಿ ತೀರಿಕೊಂಡರು. ನಂತರದ ಪರೀಕ್ಷೆಯಲ್ಲಿ ಆ ದ್ರವ ಲ್ಯಾಟೆಕ್ಸ್ ಅನ್ನು ಕೆಲವೇ ಸೆಕೆಂಡುಗಳಲ್ಲಿ ದಾಟುತ್ತದೆ ಎಂದು ತಿಳಿದುಬಂತು. ಗ್ಲೋವ್ಸ್ ಹಾಕಿಕೊಂಡರೆ ಸಾಲದು, ಯಾವ ದ್ರಾವಕಕ್ಕೆ ಯಾವ ಗ್ಲೋವ್ಸ್ ಎಂದು ತಯಾರಕರ ಕೋಷ್ಟಕ ನೋಡಬೇಕು ಎಂಬ ಮಾತನ್ನು ನಾನು ಹಿಂದೆಯೂ ಕೇಳಿದ್ದೆ. ಸೋರುವ ಬೆರಳನ್ನು ನೋಡಿದ ಮರುವಾರ ನಮ್ಮ ಲ್ಯಾಬ್‌ನ ಖರೀದಿ ಪಟ್ಟಿಗೆ ಹಲವು ಪದರಗಳ ಲ್ಯಾಮಿನೇಟ್ ಗ್ಲೋವ್ಸ್ ಸೇರಿತು.

ಉಡುಪಿನ ವಿಷಯವನ್ನೂ ಅವರು ಸಂಕೋಚವಿಲ್ಲದೆ ಎತ್ತಿಕೊಂಡರು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 2008ರ ಡಿಸೆಂಬರ್ 29ರಂದು ಗಾಳಿ ತಾಗಿದರೆ ಹೊತ್ತಿಕೊಳ್ಳುವ ದ್ರವವನ್ನು ಸಿರಿಂಜಿನಲ್ಲಿ ಎಳೆಯುತ್ತಿದ್ದಾಗ ಪ್ಲಂಜರ್ ಹೊರಬಂದು ಯುವ ಸಂಶೋಧನಾ ಸಹಾಯಕಿಗೆ ಬೆಂಕಿ ಹೊತ್ತಿಕೊಂಡಿತು. ಆಕೆ ಲ್ಯಾಬ್ ಕೋಟ್ ಹಾಕಿರಲಿಲ್ಲ, ತೊಟ್ಟಿದ್ದದ್ದು ಸಿಂಥೆಟಿಕ್ ಸ್ವೆಟರ್. ಹದಿನೆಂಟು ದಿನಗಳ ನಂತರ ಆಕೆ ಕೊನೆಯುಸಿರೆಳೆದರು. ನಮ್ಮಲ್ಲಿ ಸಿಂಥೆಟಿಕ್ ಸೀರೆಯ ಮೇಲೆ ಗುಂಡಿ ಹಾಕದ ಏಪ್ರನ್, ಚೂಡಿದಾರದ ಇಳಿಬಿದ್ದ ದುಪಟ್ಟಾ ತೀರಾ ಸಾಮಾನ್ಯ. ಲ್ಯಾಬ್‌ನಲ್ಲಿ ಹತ್ತಿ ಬಟ್ಟೆ ಧರಿಸಬೇಕು, ದುಪಟ್ಟಾ ಲಾಕರಿನಲ್ಲಿರಬೇಕು, ಏಪ್ರನ್‌ನ ಗುಂಡಿಗಳೆಲ್ಲ ಮುಚ್ಚಿರಬೇಕು ಎಂದು ಒಬ್ಬ ಹಿರಿಯ ತರಬೇತುದಾರರು ಯಾರನ್ನೂ ನೋಯಿಸದೆ, ಯಾರಿಗೂ ವಿನಾಯಿತಿ ಕೊಡದೆ ಹೇಳಿದ ರೀತಿ ನನಗೆ ಮೆಚ್ಚುಗೆಯಾಯಿತು.

ಎರಡನೆಯ ದಿನ ಗ್ಯಾಸ್ ಸಿಲಿಂಡರ್, ತ್ಯಾಜ್ಯ, ತುರ್ತು ಪರಿಸ್ಥಿತಿ. ಸಿಲಿಂಡರ್ ವಿಷಯಕ್ಕೆ ದೂರದ ಉದಾಹರಣೆ ಬೇಕಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹೈಪರ್‌ಸಾನಿಕ್ ಮತ್ತು ಶಾಕ್‌ವೇವ್ ಪ್ರಯೋಗಾಲಯದಲ್ಲಿ 2018ರ ಡಿಸೆಂಬರ್ 5ರಂದು ನಡೆದ ಸ್ಫೋಟದಲ್ಲಿ ಒಬ್ಬ ಸಂಶೋಧಕ ಮೃತಪಟ್ಟು ಮೂವರು ಗಾಯಗೊಂಡದ್ದು ಸಭಾಂಗಣದಲ್ಲಿದ್ದ ಬಹುತೇಕರಿಗೆ ನೆನಪಿತ್ತು. ತರಬೇತುದಾರರು ಆ ಘಟನೆಯ ಕಾರಣಗಳ ಬಗ್ಗೆ ಊಹೆಗಳನ್ನು ಹರಡದೆ, ನಮ್ಮದೇ ಸಿಲಿಂಡರ್ ಕೋಣೆಗೆ ಕರೆದೊಯ್ದು ಸರಪಣಿಗಳನ್ನು, ರೆಗ್ಯುಲೇಟರ್‌ಗಳನ್ನು, ಸೋಪಿನ ನೀರಿನಿಂದ ಸೋರಿಕೆ ಪತ್ತೆ ಮಾಡುವುದನ್ನು ತೋರಿಸಿದರು. ಆಕ್ಸಿಜನ್ ರೆಗ್ಯುಲೇಟರ್‌ಗೆ ಎಣ್ಣೆ, ಗ್ರೀಸ್ ತಾಗಿಸಕೂಡದು ಎಂಬುದನ್ನು ಗ್ಯಾಸ್ ತಂದಿಳಿಸುವ ಹುಡುಗರಿಗೂ ನಿಲ್ಲಿಸಿ ಹೇಳಿದರು.

ಕಣ್ಣು ತೊಳೆಯುವ ಐವಾಷ್ ಸ್ಟೇಷನ್ನಿನ ಪರೀಕ್ಷೆ ನಮ್ಮ ಲ್ಯಾಬ್‌ನ ಮರ್ಯಾದೆ ತೆಗೆಯಿತು ಎಂದೇ ಹೇಳಬೇಕು. ಹಿಡಿ ಒತ್ತಿದ ತಕ್ಷಣ ಬಂದದ್ದು ತುಕ್ಕಿನ ಬಣ್ಣದ ನೀರು. ಅಮೆರಿಕದ ಎಎನ್‌ಎಸ್‌ಐ ಮಾನದಂಡದ ಪ್ರಕಾರ ಇದನ್ನು ವಾರಕ್ಕೊಮ್ಮೆ ಹರಿಸಿ ನೋಡಬೇಕು, ಹದಿನೈದು ನಿಮಿಷ ನಿಲ್ಲದೆ ನೀರು ಬರಬೇಕು, ನೀರಿನ ಉಷ್ಣತೆ 16ರಿಂದ 38 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ತಾರಸಿಯ ಮೇಲಿನ ಟ್ಯಾಂಕಿನಿಂದ ಬಿಸಿಲಲ್ಲಿ ಹಾದುಬರುವ ಪೈಪಿನ ನೀರು ಏಪ್ರಿಲ್ ಮಧ್ಯಾಹ್ನ ಹೇಗಿರುತ್ತದೆ ಎಂಬುದು ನಮ್ಮ ಊರುಗಳಲ್ಲಿ ಎಲ್ಲರಿಗೂ ಗೊತ್ತು. ಅಂಥ ನೀರಿನ ಕೆಳಗೆ ಸುಟ್ಟ ಕಣ್ಣನ್ನು ಹದಿನೈದು ನಿಮಿಷ ತೆರೆದಿಡಲು ಯಾರಿಂದಲೂ ಆಗದು. ಈ ಅಂಶವನ್ನು ತರಬೇತುದಾರರು ತಾವಾಗಿಯೇ ಎತ್ತಿ, ಪೈಪಿಗೆ ಉಷ್ಣನಿರೋಧಕ ಹೊದಿಕೆ ಹಾಕಿಸಲು ವರದಿಯಲ್ಲಿ ಬರೆದುಕೊಟ್ಟರು. ಇಂಥ ಕಡೆ ಅವರ ಅನುಭವ ಕಾಣುತ್ತದೆ.

ಇನ್ನು ಆಕ್ಷೇಪಕ್ಕೆ ಬರುತ್ತೇನೆ. ಎರಡೂ ದಿನ ಸಭಾಂಗಣದಲ್ಲಿ ಕುಳಿತವರು ಎಂಎಸ್ಸಿ, ಬಿ.ಫಾರ್ಮಾ ಓದಿದ ವಿಶ್ಲೇಷಕರು ಮತ್ತು ಅವರ ಮೇಲಧಿಕಾರಿಗಳು. ಗಾಜಿನ ಸಾಮಾನು ತೊಳೆಯುವವರು, ತ್ಯಾಜ್ಯದ ಕ್ಯಾನುಗಳನ್ನು ಹೊತ್ತು ಸಾಗಿಸುವವರು, ಒಡೆದ ಬಾಟಲಿ ಗುಡಿಸುವವರು ಹಿಂದಿನ ಬಾಗಿಲಲ್ಲಿ ಚಹಾ ಟ್ರೇ ಹಿಡಿದು ಬಂದು ಹೋದರು. ತರಬೇತಿ ಪೂರ್ತಿ ಇಂಗ್ಲಿಷಿನಲ್ಲಿ, ಕೊನೆಯ ಪರೀಕ್ಷೆಯೂ ಇಂಗ್ಲಿಷಿನ ಬಹು ಆಯ್ಕೆಯ ಪ್ರಶ್ನೆಗಳಲ್ಲಿ. ಎಲ್ಲರೂ ಪಾಸಾಗಿ ಎಲ್ಲರಿಗೂ ಪ್ರಮಾಣಪತ್ರ ಬಂತು. ಅಟೆಂಡರ್‌ಗಳನ್ನು ಸೇರಿಸಿಕೊಳ್ಳದಿರುವ ನಿರ್ಧಾರದಲ್ಲಿ ನಮ್ಮ ಕಂಪನಿಯ ಪಾಲೂ ಇದೆ, ತಲೆಗಿಷ್ಟು ಎಂದು ಶುಲ್ಕ ಹಾಕುವ ಸಂಸ್ಥೆಯ ಪದ್ಧತಿಯ ಪಾಲೂ ಇದೆ. ತಲೆ ಎಣಿಸಿ ಹಣ ಕೇಳಿದಾಗ ಮೊದಲು ಕೈಬಿಡುವ ಹೆಸರುಗಳು ಯಾರವು ಎಂಬುದು ಅಂಥ ಸಂಸ್ಥೆಗಳಿಗೆ ತಿಳಿಯದ ವಿಷಯವೇನಲ್ಲ. ಭೋಪಾಲ್ ದುರಂತದ ನಂತರ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಸೇರಿಸಿದ 41-ಜಿ ಕಲಮಿನಲ್ಲಿ, ಅಪಾಯಕಾರಿ ವಸ್ತುಗಳನ್ನು ಬಳಸುವ ಕಡೆ ಸುರಕ್ಷತಾ ಸಮಿತಿ ಇರಬೇಕು, ಅದರಲ್ಲಿ ಕಾರ್ಮಿಕರ ಮತ್ತು ಆಡಳಿತದ ಪ್ರತಿನಿಧಿಗಳ ಸಂಖ್ಯೆ ಸಮವಾಗಿರಬೇಕು ಎಂದು ವಿಧಿಸಿದ್ದರು. ಆ ಕಲಮು ಬರೆದವರು ಕಂಡುಕೊಂಡಿದ್ದ ಸತ್ಯವನ್ನು ಇಂದಿನ ತರಬೇತಿ ವ್ಯಾಪಾರ ಮರೆತಿರುವುದು ನನಗೆ ನಿಜಕ್ಕೂ ಬೇಸರ ತರಿಸಿತು.

ಅಟೆಂಡರ್‌ಗಳನ್ನು ಹೊರಗಿಟ್ಟದ್ದಕ್ಕೆ ಎಂಥ ಬೆಲೆ ತೆರಬೇಕಾಗುತ್ತಿತ್ತು ಎಂದು ತಿಳಿದದ್ದು ಮಾಸಿಕ ಸಭೆಯಲ್ಲಿ. ಪ್ಯಾಕೇಜಿನಲ್ಲಿ ತರಬೇತಿಯ ನಂತರದ ಆರು ತಿಂಗಳು, ತಿಂಗಳಿಗೆ ಒಂದು ಗಂಟೆಯ ಸಭೆ ಸೇರಿದೆ. ತರಬೇತುದಾರರೊಬ್ಬರು ಬಂದು ಕುಳಿತು, ಆ ತಿಂಗಳು ಕೂದಲೆಳೆಯಲ್ಲಿ ತಪ್ಪಿದ ಅವಘಡಗಳನ್ನು, ಅಂದರೆ ನಿಯರ್ ಮಿಸ್‌ಗಳನ್ನು, ಹೆಸರು ಕೇಳದೆ, ದಂಡದ ಮಾತಿಲ್ಲದೆ ಚರ್ಚೆಗೆ ತರುತ್ತಾರೆ. ಸಭೆಗೆ ತಲೆ ಲೆಕ್ಕದ ಶುಲ್ಕವಿಲ್ಲವಾದ್ದರಿಂದ ಅಟೆಂಡರ್‌ಗಳನ್ನೂ ಕೂರಿಸಿ ಎಂದು ನಾವು ಕೆಲವರು ಒತ್ತಾಯಿಸಿದೆವು. ಬಂದ ತರಬೇತುದಾರರು ಹಾಸನದ ಕಡೆಯವರು, ಸಭೆಯನ್ನು ಕನ್ನಡದಲ್ಲೇ ನಡೆಸಿದರು. ಮೊದಲ ಇಪ್ಪತ್ತು ನಿಮಿಷ ಅಟೆಂಡರ್‌ಗಳಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಆಮೇಲೆ ನಮ್ಮ ಹಿರಿಯ ಅಟೆಂಡರ್, ಎಲ್ಲರೂ ಅಣ್ಣ ಎಂದೇ ಕರೆಯುವವರು, ನನ್ನ ಕಡೆ ತಿರುಗಿ, "ಮೇಡಂ, ಆ ಮೂಲೇಲಿರೋ ಬಿಳಿ ಕ್ಯಾನು ಸಂಜೆ ಹೊತ್ತಿಗೆ ಉಬ್ಕೊಂಡಿರುತ್ತೆ. ಮುಚ್ಚಳ ಒಂಚೂರು ಸಡಿಲ ಮಾಡಿದ್ರೆ ಬುಸ್ಸಂತ ಗಾಳಿ ಬಿಡುತ್ತೆ, ಆಮೇಲೆ ಸರಿಹೋಗುತ್ತೆ. ನಾನೇ ಸಡಿಲ ಮಾಡಿಟ್ಟು ಮನೆಗೆ ಹೋಗೋದು" ಎಂದರು.

ತರಬೇತುದಾರರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು, "ಅಣ್ಣಾ, ಆ ಕ್ಯಾನಿಗೆ ಏನೇನು ಸುರೀತೀರಿ?" ಎಂದು ಕೇಳಿದರು. ನೈಟ್ರಿಕ್ ಆಸಿಡ್‌ನಲ್ಲಿ ನೆನೆಸಿದ ಫ್ಲಾಸ್ಕುಗಳಲ್ಲಿ ಉಳಿದ ಆಸಿಡ್ಡೂ, ಅವನ್ನು ಬೇಗ ಒಣಗಿಸಲೆಂದು ಮೆಥನಾಲ್‌ನಲ್ಲಿ ಜಾಲಾಡಿಸಿದ ದ್ರಾವಣವೂ ಒಂದೇ ಕ್ಯಾನಿಗೆ ಹೋಗುತ್ತಿದ್ದವು. ನೈಟ್ರಿಕ್ ಆಸಿಡ್ ಮತ್ತು ಆಲ್ಕೋಹಾಲ್ ಸೇರಿದರೆ ನಿಧಾನವಾಗಿ ಅನಿಲ ಹುಟ್ಟಿ, ಮುಚ್ಚಳ ಬಿಗಿಯಾಗಿದ್ದರೆ ಪಾತ್ರೆ ಸಿಡಿಯುತ್ತದೆ. ಪ್ರಯೋಗಾಲಯಗಳ ತ್ಯಾಜ್ಯ ಅವಘಡಗಳಲ್ಲಿ ಮತ್ತೆ ಮತ್ತೆ ಕಾಣುವ ಕಾರಣ ಇದು. ನಮ್ಮಲ್ಲಿ ಅದು ಸಿಡಿಯದಿರಲು ಕಾರಣ ಆ ಮನುಷ್ಯನ ಸಂಜೆಯ ಅಭ್ಯಾಸ ಒಂದೇ. ಅವರು ರಜೆ ಹಾಕಿದ ದಿನಗಳನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಎರಡನೆಯ ದಿನ ಬೆಳಿಗ್ಗೆ ಆಮ್ಲ ಮತ್ತು ದ್ರಾವಕಗಳನ್ನು ಬೇರೆಬೇರೆ ಇಡಬೇಕೆಂಬ ಸ್ಲೈಡನ್ನು ನಾವೆಲ್ಲ ನೋಡಿ ತಲೆಯಾಡಿಸಿದ್ದೆವು. ನಮಗೆ ಕ್ಯಾನಿನ ವಿಷಯ ಗೊತ್ತಿರಲಿಲ್ಲ, ಅವರಿಗೆ ಸ್ಲೈಡಿನ ವಿಷಯ ಗೊತ್ತಿರಲಿಲ್ಲ. ಮರುದಿನವೇ ಆಮ್ಲಕ್ಕೆ ಬೇರೆ ಕ್ಯಾನು, ಬೇರೆ ಕಪಾಟು, ಗಾಳಿ ಹೊರಹೋಗುವ ಮುಚ್ಚಳ, ದೊಡ್ಡ ಅಕ್ಷರದ ಕನ್ನಡ ಚೀಟಿ ಬಂದವು.

ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ 2012ರಲ್ಲಿ ರಾಸಾಯನಿಕ ತಯಾರಿಸುವ ಡೌ ಕಂಪನಿಯ ಸಹಯೋಗದಲ್ಲಿ ಸಂಶೋಧನಾ ವಿದ್ಯಾರ್ಥಿಗಳೇ ಮುಂದೆ ನಿಂತು ಸುರಕ್ಷತಾ ತಂಡ ಕಟ್ಟಿಕೊಂಡದ್ದನ್ನು ತರಬೇತುದಾರರು ಮಾದರಿಯಾಗಿ ಹೇಳಿದ್ದರು. ಬೆಂಚಿನ ಮುಂದೆ ನಿಲ್ಲುವವರೇ ಸಭೆ ನಡೆಸಿದಾಗ ಬರುವ ಮಾಹಿತಿ ಮೇಲಿನಿಂದ ನಡೆಸುವ ಆಡಿಟ್‌ನಲ್ಲಿ ಬರುವುದಿಲ್ಲ ಎಂಬುದಕ್ಕೆ ನಮ್ಮ ಬಿಳಿ ಕ್ಯಾನು ಸಾಕ್ಷಿ. ಈಗ ನಮ್ಮ ವಾರದ ಮೀಟಿಂಗ್ ಐದು ನಿಮಿಷದ ಸುರಕ್ಷತಾ ಮಾತಿನಿಂದ ಆರಂಭವಾಗುತ್ತದೆ, ಸರದಿಯಲ್ಲಿ ಅಟೆಂಡರ್‌ಗಳೂ ಇದ್ದಾರೆ.

ಈ ಸಂಸ್ಥೆಯನ್ನು ಕರೆಸಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಹೌದು, ಆದರೆ ಒಪ್ಪಂದಕ್ಕೆ ಮುನ್ನ ಮಾತಾಡಿಕೊಳ್ಳಿ. ಶುಲ್ಕವನ್ನು ತಲೆಲೆಕ್ಕದಲ್ಲಿ ಕೊಡದೆ ದಿನದ ಲೆಕ್ಕದಲ್ಲಿ ಗೊತ್ತು ಮಾಡಿ. ಬೆಳಗಿನ ಉಪನ್ಯಾಸವನ್ನು ಅರ್ಧಕ್ಕಿಳಿಸಿ ಹುಡ್, ಗ್ಲೋವ್ಸ್, ತ್ಯಾಜ್ಯದ ಪ್ರಾತ್ಯಕ್ಷಿಕೆಗಳನ್ನು ಹೆಚ್ಚಿಸಲು ಕೇಳಿ, ಕೇಳಿದರೆ ಮಾಡುತ್ತಾರೆ. ಕನ್ನಡದಲ್ಲಿ ನಡೆಸಬಲ್ಲ ತರಬೇತುದಾರರೇ ಬರಬೇಕೆಂದು ಪತ್ರದಲ್ಲಿ ಬರೆಸಿಕೊಳ್ಳಿ. ಸರ್ಕಾರಿ ಪದವಿ ಕಾಲೇಜುಗಳಿಗೆ ಪೂರ್ತಿ ಪ್ಯಾಕೇಜ್ ದುಬಾರಿಯಾಗುತ್ತದೆ; ಅಂಥವರು ಮಾಸಿಕ ಸಭೆಗಳನ್ನಷ್ಟೇ ಪ್ರತ್ಯೇಕವಾಗಿ ಕೊಡುತ್ತೀರಾ ಎಂದು ವಿಚಾರಿಸುವುದು ಒಳ್ಳೆಯದು. ನಮ್ಮ ಕಂಪನಿ ಮುಂದಿನ ಸುತ್ತಿಗೆ ಅಟೆಂಡರ್‌ಗಳು ಮತ್ತು ಹೌಸ್‌ಕೀಪಿಂಗ್ ಸಿಬ್ಬಂದಿಗಾಗಿಯೇ ಒಂದು ದಿನದ ಕನ್ನಡ ತರಬೇತಿ ಕೇಳಿದೆ. ಸಂಸ್ಥೆಯವರು ಒಪ್ಪಿದ್ದಾರೆ, ಪಠ್ಯ ಸಿದ್ಧವಾಗಬೇಕಿದೆ. ಅದರ ಕರಡನ್ನು ನಮ್ಮ ಅಣ್ಣನಿಗೂ ತೋರಿಸಬೇಕೆಂದು ಷರತ್ತು ಹಾಕಿದ್ದೇವೆ.